ಆಪರೇಷನ್ ಆಗಿ ಒಂದು ವರ್ಷದ ಮೇಲೆ ಕೈ ಏಳುತ್ತಾ?

ನಮಸ್ಕಾರ. ಭುಜ ನೋವು ಅಂತ ಫಿಸಿಯೋಥೆರಪಿಗೆ ಹೋದವರಿಗೆ ಈ ವ್ಯಾಯಾಮ ಗೊತ್ತಿರುತ್ತದೆ. ಮುಂದಕ್ಕೆ ಬಗ್ಗಿ, ಒಂದು ಕೈ ಮೇಜಿನ ಮೇಲೆ ಊರಿ, ನೋವಿರುವ ಕೈಯನ್ನು ಸುಮ್ನೆ ಜೋತುಬಿಟ್ಟು ತೂಗುವುದು. ಇದರ ಹೆಸರು ಕಾಡ್ಮನ್ ವ್ಯಾಯಾಮ. ಆ ಕಾಡ್ಮನ್ ಯಾರು ಅಂತ ಕೇಳಿದರೆ ಜಾಸ್ತಿ ಜನ ಹೇಳಲಾರರು.

ಅರ್ನೆಸ್ಟ್ ಕಾಡ್ಮನ್, ಅಮೆರಿಕದ ಬಾಸ್ಟನ್ ನಗರದ ಸರ್ಜನ್. ಹುಟ್ಟಿದ್ದು 1869ರಲ್ಲಿ. ಭುಜದ ಕೀಲನ್ನು ಹಿಡಿದಿಡುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಹರಿದರೆ ಎಷ್ಟೋ ಜನರಿಗೆ ಕೈ ಮೇಲೆ ಏಳುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. ಅದನ್ನು ಅವರು 1909ರಲ್ಲೇ ಹೊಲಿದು, ಎರಡು ವರ್ಷದ ನಂತರ ಬರೆದು ಪ್ರಕಟಿಸಿದರು. ಭುಜ ಬಿಗಿದು ಕೈ ಆಡದ ಕಾಯಿಲೆಗೆ ಫ್ರೋಜನ್ ಶೋಲ್ಡರ್ ಅನ್ನುವ ಹೆಸರು ಕೊಟ್ಟವರೂ ಅವರೇ. 1934ರಲ್ಲಿ ಬಂದ ಅವರ 'ದಿ ಶೋಲ್ಡರ್' ಪುಸ್ತಕ ಭುಜದ ಬಗ್ಗೆಯೇ ಬರೆದ ಮೊದಲ ದೊಡ್ಡ ಗ್ರಂಥಗಳಲ್ಲೊಂದು.

ಆದರೆ ನನ್ನ ಪ್ರಕಾರ ಅವರ ದೊಡ್ಡ ಕೆಲಸ ಇದ್ಯಾವುದೂ ಅಲ್ಲ. ಪ್ರತಿ ರೋಗಿಗೂ ಒಂದು ಕಾರ್ಡ್ ಇಡಬೇಕು, ಒಂದು ವರ್ಷ ಆದ ಮೇಲೆ ಕರೆಸಿ ನೋಡಬೇಕು, ವಾಸಿ ಆಗಿಲ್ಲ ಅಂದರೆ ಯಾಕೆ ಅಂತ ಬರೆಯಬೇಕು. ಇಷ್ಟೇ ಅವರು ಕೇಳಿದ್ದು! ಸರ್ಜನ್‌ಗಳಿಗೆ ಬಡ್ತಿ ಕೊಡುವಾಗ ವಯಸ್ಸು ನೋಡಬೇಡಿ, ಈ ಫಲಿತಾಂಶ ನೋಡಿ ಅಂದರು. ಸೀನಿಯರ್‌ಗಳಿಗೆ ಇದು ಹೇಗೆ ಹಿಡಿಸುತ್ತದೆ ಹೇಳಿ? 1914ರಲ್ಲಿ ಅವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ರಾಜೀನಾಮೆ ಕೊಟ್ಟರು.

ಮರುವರ್ಷ ಒಂದು ಸಭೆಯಲ್ಲಿ ದೊಡ್ಡ ವ್ಯಂಗ್ಯಚಿತ್ರ ಬಿಡಿಸಿಟ್ಟರು. ಮರಳಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ, ಹಿಂದೆ ನಿಂತ ಡಾಕ್ಟರುಗಳ ಕಡೆ ಚಿನ್ನದ ಮೊಟ್ಟೆ ಒದೆಯುತ್ತಿದೆ. ಆ ಪಕ್ಷಿ ಅಂದರೆ ವಾಸಿ ಆಯಿತಾ ಅಂತ ಕೇಳದೆ ದುಡ್ಡು ಸುರಿಯುವ ಊರಿನ ಶ್ರೀಮಂತ ರೋಗಿಗಳು. ಹಾರ್ವರ್ಡ್‌ನ ಪಾಠ ಹೇಳುವ ಕೆಲಸವೂ ಹೋಯಿತು. ಇಂಥ ಮನುಷ್ಯನ ಜೊತೆ ಕೆಲಸ ಮಾಡುವುದು ಸುಲಭ ಇರಲಿಲ್ಲ ಬಿಡಿ. ಆದರೆ ಬೇರೆಯವರಿಗೆ ಹೇಳಿದ್ದನ್ನು ಅವರು ಮೊದಲು ತಮಗೇ ಹಚ್ಚಿಕೊಂಡಿದ್ದರು. 1911ರಲ್ಲಿ ತೆರೆದ ತಮ್ಮ ಪುಟ್ಟ ಆಸ್ಪತ್ರೆಯ 337 ರೋಗಿಗಳ ಲೆಕ್ಕವನ್ನೂ, ಅದರಲ್ಲಿ ಆದ 123 ತಪ್ಪುಗಳನ್ನೂ ಅಚ್ಚು ಹಾಕಿಸಿದರು. ಇವತ್ತು ಯಾವ ಆಸ್ಪತ್ರೆಯ ಜಾಹೀರಾತಿನಲ್ಲಿ ಇಂಥ ಸಂಖ್ಯೆ ನೋಡಿದ್ದೀರಿ? 1940ರಲ್ಲಿ ತೀರಿಕೊಂಡಾಗ ಸಮಾಧಿಗೊಂದು ಕಲ್ಲೂ ಇರಲಿಲ್ಲ. ಅದು ಬಂದದ್ದು 2014ರಲ್ಲಿ.

ಅವರ ಹಟ ಯಾಕೆ ಮುಖ್ಯ ಅನ್ನುವುದಕ್ಕೆ ಭುಜದಿಂದಲೇ ಇನ್ನೊಂದು ಉದಾಹರಣೆ. 1972ರಲ್ಲಿ ನ್ಯೂಯಾರ್ಕ್‌ನ ಚಾರ್ಲ್ಸ್ ನೀರ್, ಭುಜದ ಮೇಲ್ಭಾಗದ ಮೂಳೆ ಟೆಂಡನ್‌ಗೆ ಉಜ್ಜುವುದರಿಂದ ನೋವು ಬರುತ್ತದೆ, ಆ ಮೂಳೆಯನ್ನು ಸ್ವಲ್ಪ ಕೆತ್ತಿದರೆ ಸರಿಹೋಗುತ್ತದೆ ಅಂತ ಬರೆದರು. ನೀರ್ ಕೂಡ ಸಾಮಾನ್ಯರಲ್ಲ, ಕೃತಕ ಭುಜದ ಕೀಲಿನಲ್ಲಿ ದಾರಿ ತೋರಿಸಿದವರು. ಮಾತು ಕೇಳುವುದಕ್ಕೂ ಸರಿಯಾಗಿಯೇ ಇತ್ತು. ಮುಂದೆ ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ದುರ್ಬೀನಿನ ಆಪರೇಷನ್ ಬಂದ ಮೇಲಂತೂ ಲಕ್ಷಾಂತರ ಜನ ಮೂಳೆ ಕೆತ್ತಿಸಿಕೊಂಡರು. ಕೊನೆಗೆ ಬ್ರಿಟನ್ನಿನಲ್ಲಿ 313 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಕೆಲವರಿಗೆ ಮೂಳೆ ಕೆತ್ತಿದರು, ಕೆಲವರಿಗೆ ದುರ್ಬೀನು ಹಾಕಿ ನೋಡಿ ಹಾಗೇ ಮುಚ್ಚಿದರು, ಉಳಿದವರಿಗೆ ಏನೂ ಮಾಡಲಿಲ್ಲ. 2018ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆತ್ತಿದ್ದಕ್ಕೂ ಸುಮ್ನೆ ನೋಡಿ ಮುಚ್ಚಿದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಏನೂ ಮಾಡಿಸಿಕೊಳ್ಳದವರಿಗೆ ಹೋಲಿಸಿದರೂ ಆ ಎರಡು ಗುಂಪಿಗೆ ಆದ ಲಾಭ ಬಹಳ ಸಣ್ಣದು.

ನೀರ್ ಮೋಸ ಮಾಡಿದರು ಅಂತಲ್ಲ. ತಮ್ಮ ರೋಗಿಗಳು ಸುಧಾರಿಸಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಮೂಳೆ ಕೆತ್ತದೆ ಸುಮ್ನೆ ನೋಡಿ ಮುಚ್ಚಿದ್ದರೂ ಅವರು ಸುಧಾರಿಸುತ್ತಿದ್ದರಾ ಅಂತ ಪಕ್ಕದಲ್ಲೊಂದು ಗುಂಪು ಇಟ್ಟು ನೋಡಲು ನಮಗೆ ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನನಗೆ ಸಿಟ್ಟು ಬರುವುದು ಇದಕ್ಕೆ.

ಹಾಗಂತ ನಾಳೆಯ ಆಪರೇಷನ್ ರದ್ದು ಮಾಡಿ ನನ್ನ ಹೆಸರು ಹೇಳಬೇಡಿ. ಬಿದ್ದು ಟೆಂಡನ್ ಪೂರ್ತಿ ಹರಿದಿದ್ದರೆ ಆ ಮಾತೇ ಬೇರೆ. ಆದರೆ ಡಾಕ್ಟರನ್ನು ಕೇಳಿ: ಸರ್, ವ್ಯಾಯಾಮ ಮಾಡಿ ಕಾದು ನೋಡಿದರೆ ಏನಾಗುತ್ತದೆ? ನೀವು ಆಪರೇಷನ್ ಮಾಡಿದವರು ಒಂದು ವರ್ಷದ ಮೇಲೆ ಹೇಗಿದ್ದಾರೆ, ಲೆಕ್ಕ ಇಟ್ಟಿದ್ದೀರಾ?