ಕ್ರ್ಯಾಕ್‌ಡೌನ್ ಅಂದರೆ ಬಿರುಕಲ್ಲ

ಕೇಳುಗರಿಗೆ ನಮಸ್ಕಾರ. ಇವತ್ತಿನ ಇಂಗ್ಲಿಷ್ ಪದ ಕ್ರ್ಯಾಕ್‌ಡೌನ್. ಪೇಪರಿನಲ್ಲಿ ದಿನಾ ಕಾಣುತ್ತದೆ, ಬರೆಯಲು ಕೂತಾಗ ಕೈ ಕೊಡುತ್ತದೆ.

ಈಗಾಗಲೇ ಇರುವ ನಿಯಮವನ್ನು ಅಧಿಕಾರದಲ್ಲಿ ಇರುವವರು ಇದ್ದಕ್ಕಿದ್ದಂತೆ ಬಿಗಿಯಾಗಿ ಜಾರಿ ಮಾಡುವುದು, ಅಷ್ಟೇ. 'ಈಗಾಗಲೇ ಇರುವ' ಅನ್ನುವುದಕ್ಕೆ ಗೆರೆ ಎಳೆದುಕೊಳ್ಳಿ. ಹೆಲ್ಮೆಟ್ ಹಾಕಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ನಮಗೆ ಅದು ನೆನಪಾಗುವುದು ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಪೊಲೀಸರು ನಿಂತು ದಂಡ ಹಾಕಿದ ದಿನ, ಅಲ್ವಾ? ಆ ದಿನದ ಕೆಲಸಕ್ಕೇ ಈ ಹೆಸರು. 'ಸವಾರರಿಗೆ ಬಿಸಿ ಮುಟ್ಟಿಸಿದ ಪೊಲೀಸರು' ಅಂತ ನಮ್ಮ ಪತ್ರಿಕೆಗಳು ಬರೆಯುತ್ತವಲ್ಲ, ಅದೇ.

ಇಲ್ಲೊಂದು ಕಥೆ ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ, ಕ್ರ್ಯಾಕ್ ಅಂದರೆ ಸಾಕು, ನಾವೆಲ್ಲ ಮೊದಲು ಗೋಡೆ ನೋಡುತ್ತೇವೆ. ನಮ್ಮ ಪಕ್ಕದ ಮನೆಯ ಅಕ್ಕ ಹೋಮ್‌ಸ್ಟೇ ನಡೆಸುತ್ತಾರೆ. ಮೊಮ್ಮಗ ಇಂಗ್ಲಿಷ್ ಪೇಪರ್ ಹಿಡಿದು 'ಕ್ರ್ಯಾಕ್‌ಡೌನ್ ಆನ್ ಹೋಮ್‌ಸ್ಟೇಸ್' ಅಂತ ಜೋರಾಗಿ ಓದಿದ. ಅಕ್ಕ ಟಾರ್ಚ್ ಹಿಡಿದು ರೂಮು ರೂಮು ಸುತ್ತಿದರು. ಸಾಲದ್ದಕ್ಕೆ ಮೇಸ್ತ್ರಿಗೆ ಫೋನು. ಮೇಸ್ತ್ರಿ ಬಂದ, ಗೋಡೆ ತಟ್ಟಿದ, ನೆಲ ತಟ್ಟಿದ, ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ ನೋಡಿದ. "ಕೂದಲೆಳೆಯಷ್ಟೂ ಬಿರುಕಿಲ್ಲ ಅಕ್ಕಾ" ಅಂತ ಕಾಫಿ ಕುಡಿದು, ಅರ್ಧ ದಿನದ ಕೂಲಿ ಇಸ್ಕೊಂಡು ಹೋದ. ಆಮೇಲೆ ನನಗೆ ಕರೆ ಬಂತು. ಸುದ್ದಿ ಓದಿ ಹೇಳಿದೆ: ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸದ ಹೋಮ್‌ಸ್ಟೇಗಳ ಮೇಲೆ ಕ್ರಮ ಅಂತ. ಅಕ್ಕನ ಮುಖ ಇನ್ನೂ ಇಳಿಯಿತು. "ಅಯ್ಯೋ ಮಾಷ್ಟ್ರೇ, ಅದಕ್ಕಿಂತ ಗೋಡೆ ಬಿರುಕು ಬಿಟ್ಟಿದ್ದರೇ ವಾಸಿ ಇತ್ತು!"

ನೋಂದಣಿಯ ನಿಯಮ ಮೊದಲೇ ಇತ್ತು, ನೋಡಿ. ಹೊಸದಾಗಿ ಬಂದಿದ್ದು ನಿಯಮ ಅಲ್ಲ, ಬಿಗಿ.

ಕಥೆಯಲ್ಲೇ ಸಮಯ ಹೋಯಿತು, ಬಾಕಿ ಬೇಗ ಹೇಳುತ್ತೇನೆ. ನಾಮಪದವಾದರೆ ಕ್ರ್ಯಾಕ್‌ಡೌನ್ ಒಂದೇ ಪದ. ಕ್ರಿಯಾಪದವಾದರೆ ಕ್ರ್ಯಾಕ್ ಬೇರೆ, ಡೌನ್ ಬೇರೆ. ಯಾರ ಮೇಲೆ ಅನ್ನುವುದಕ್ಕೆ ಎರಡರಲ್ಲೂ 'ಆನ್' ಬರಬೇಕು. ಪೊಲೀಸ್ ಕ್ರ್ಯಾಕ್ಡ್ ಡೌನ್ ಆನ್ ಡ್ರಂಕನ್ ಡ್ರೈವಿಂಗ್. ಕ್ಲ್ಯಾಂಪ್‌ಡೌನ್ ಅನ್ನುವುದೂ ಹೆಚ್ಚುಕಮ್ಮಿ ಇದೇ ಅರ್ಥದ್ದು, ಅದಕ್ಕೂ 'ಆನ್'. ಪಿಯುಸಿ ಮಕ್ಕಳೇ, ದಯವಿಟ್ಟು 'ಟು' ಅಂತ ಬರೆಯಬೇಡಿ. ಎಷ್ಟು ಸಲ ತಿದ್ದುವುದು! ಹಾಗೇ, ಸರ್ಕಾರ ಹೊಸ ಕಾನೂನು ತಂದ ಸುದ್ದಿಗೆ ಈ ಪದ ಬಳಸಬೇಡಿ. ಅದನ್ನು ಜಾರಿ ಮಾಡಲು ಬೀದಿಗಿಳಿದಾಗ ಬಳಸಿ. ನಮಸ್ಕಾರ.