ಕದ್ದು ಕೇಳುವ ಮುನ್ನ ಯಾರನ್ನು ಕೇಳಬೇಕು?

ಕೇಳುಗರೇ, ನಮಸ್ಕಾರ.

ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಹತ್ತಿರ ಲಾಡ್ಜಿನಲ್ಲಿ ರೂಮು ಕೇಳಿದರೆ ಮೊದಲು ಮುಂದೆ ಬರುವುದು ಉದ್ದನೆಯ ರಿಜಿಸ್ಟರ್. ಹೆಸರು, ಊರು, ಫೋನ್ ನಂಬರ್, ಬಂದ ಕೆಲಸ. ಜೊತೆಗೆ ಆಧಾರ್ ಜೆರಾಕ್ಸ್. ಪೊಲೀಸರಿಗೆ ಇದು ಬೇಕು, ನಿಜ. ಬಾಂಬ್ ಇಡಲು ಬಂದವನು ಅಲ್ಲಿ ತಂಗಿದ್ದರೆ ಅವನ ಜಾಡು ಸಿಗುವುದು ಹೀಗೇ. ಆದರೆ ನಾವು ಬರೆಯುವಾಗ ಮೇಲಿನ ಸಾಲುಗಳೂ ಕಣ್ಣಿಗೆ ಬೀಳುತ್ತವೆ. ಪರೀಕ್ಷೆಗೆಂದು ಒಬ್ಬಳೇ ಬಂದ ಹುಡುಗಿಯ ನಂಬರ್ ಕೂಡ ಅಲ್ಲೇ ಇರುತ್ತದೆ. ಯಾರು ನೋಡಿದರು, ಯಾಕೆ ನೋಡಿದರು ಅಂತ ಕೇಳುವವರಿಲ್ಲ. ನನ್ನನ್ನು ಕಾಡುವುದು ಇದೇ.

ರಿಜಿಸ್ಟರ್ ಆದರೂ ಕಣ್ಣಿಗೆ ಕಾಣುತ್ತದೆ. ಫೋನ್ ಕದ್ದಾಲಿಕೆ ಕಾಣುವುದೇ ಇಲ್ಲ. ಅದರ ಬಿಸಿ ನಮ್ಮ ರಾಜ್ಯಕ್ಕೆ ಚೆನ್ನಾಗಿ ಗೊತ್ತು. 1988ರ ಆಗಸ್ಟ್‌ನಲ್ಲಿ ಕದ್ದಾಲಿಕೆ ಆರೋಪ ಎದ್ದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಆ ಕುರ್ಚಿಗೆ ಬಂದವರು ನಮ್ಮ ಹುಬ್ಬಳ್ಳಿಯ ಎಸ್. ಆರ್. ಬೊಮ್ಮಾಯಿ. ಆಗ ಇದ್ದದ್ದು ಬ್ರಿಟಿಷರ ಕಾಲದ, 1885ರ ಟೆಲಿಗ್ರಾಫ್ ಕಾಯ್ದೆ. ಹೇಗೆ ಕೇಳಬೇಕು, ಎಷ್ಟು ದಿನ ಕೇಳಬಹುದು ಅನ್ನುವುದಕ್ಕೆ ಸರಿಯಾದ ಕಟ್ಟುಪಾಡು ಬಂದದ್ದು 1996ರಲ್ಲಿ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ.

ಈಗ ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸಿದರೂ 180 ದಿನ ದಾಟುವಂತಿಲ್ಲ. ಅದು ಸರಿಯೋ ತಪ್ಪೋ ಅಂತ ನೋಡಲು ಒಂದು ಸಮಿತಿ ಇದೆ. ಅದರಲ್ಲಿ ಇರುವವರೂ ಕಾರ್ಯದರ್ಶಿಗಳೇ! ಅಧಿಕಾರಿ ಬರೆದ ಆದೇಶವನ್ನು ಅಧಿಕಾರಿಗಳೇ ನೋಡಿದರೆ ಏನು ಬಂತು?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆ ಕೇಸು ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ದೇಶದ ಭದ್ರತೆಗಾಗಿ ಈ ಹಕ್ಕಿಗೂ ಮಿತಿ ಹಾಕಬಹುದು. ಆದರೆ ಅದಕ್ಕೆ ಕಾನೂನು ಇರಬೇಕು, ಕಾರಣ ಇರಬೇಕು, ಅಗತ್ಯಕ್ಕಿಂತ ಜಾಸ್ತಿ ಕೈ ಹಾಕಬಾರದು. ಈ ಮೂರನ್ನೂ ತೂಗಿ ನೋಡುವುದು ನ್ಯಾಯಾಧೀಶರ ಕೆಲಸ ಅಲ್ವಾ?

ಧಾರವಾಡದಲ್ಲೇ ಹೈಕೋರ್ಟ್ ಪೀಠ ಇದೆ. ಕದ್ದಾಲಿಕೆಯ ಫೈಲು ಮೊದಲು ಅಂಥ ಕಡೆ ಹೋಗಲಿ. ತೀರಾ ತುರ್ತಾದರೆ ಕೆಲಸ ಶುರು ಮಾಡಲಿ, ಮರುದಿನವೇ ನ್ಯಾಯಾಧೀಶರಿಗೆ ತೋರಿಸಲಿ. ತನಿಖೆಯಲ್ಲಿ ಏನೂ ಸಿಗದಿದ್ದರೆ, ನಿಮ್ಮ ಫೋನ್ ಕೇಳಿದ್ದೆವು ಅಂತ ಆ ಮನುಷ್ಯನಿಗೆ ತಿಳಿಸಲಿ. ಈಗ ಅವನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗದ ಮೇಲೆ ಕೋರ್ಟಿಗೆ ಹೋಗುವುದು ಹೇಗೆ?

ಸಂಸತ್ತಿಗೆ ನಿಲ್ಲುವವರು ಓಟು ಕೇಳಲು ಬಂದಾಗ ಈ ಮಾತು ಕೇಳಿ. ನಮಸ್ಕಾರ.