ನಾಗವಲ್ಲಿಗೆ ಇವತ್ತಿಗೂ ಯಾಕೆ ಹೆದರುತ್ತೇವೆ?

[ಪರದೆ ಮೇಲೆ: ಹಳೆ ಕೇರಳದ ದೊಡ್ಡ ಮನೆ, ಬೀಗ ಹಾಕಿದ ಕೋಣೆ]

ನಮಸ್ಕಾರ. ಹೆಂಡತಿ ಒಡವೆ ಕೊಳ್ಳೋಕೆ ಪೇಟೆಗೆ ಹೊರಟಿದ್ದಾಳೆ. ಗಂಡ 'ಈಗ ಹೋಗಬೇಡ' ಅನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಆಕೆ ಮಂಚವನ್ನೇ ಎತ್ತಿ ನಿಂತಿರುತ್ತಾಳೆ.

ಇದು 1993ರ ಮಲಯಾಳಂ ಸಿನಿಮಾ 'ಮಣಿಚಿತ್ರತಾಳ್'. ನಿರ್ದೇಶಕ ಫಾಸಿಲ್, ಕಥೆ ಬರೆದವರು ಮಧು ಮುಟ್ಟಂ. ಆ ಹೆಂಡತಿ ಗಂಗಾ ಆಗಿ, ಅವಳೊಳಗೆ ಬರುವ ಸತ್ತ ನರ್ತಕಿ ನಾಗವಲ್ಲಿಯಾಗಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ನಮ್ಮ 'ಆಪ್ತಮಿತ್ರ' ಹುಟ್ಟಿದ್ದು ಇದರಿಂದಲೇ.

ಆ ಮಂಚದ ದೃಶ್ಯ ಮತ್ತೆ ನೋಡಿ. ಮುಖಕ್ಕೆ ವಿಶೇಷ ಮೇಕಪ್ ಇಲ್ಲ, ಗ್ರಾಫಿಕ್ಸ್ ಇಲ್ಲ. ಮೊದಲು ಮಾಮೂಲಿ ಹೆಂಡತಿಯ ಪ್ರಶ್ನೆ: ಯಾಕೆ ಹೋಗಬಾರದು? ಆಮೇಲೆ ಅದೇ ಪ್ರಶ್ನೆ ಗಟ್ಟಿಯಾಗುತ್ತದೆ. ಹುಬ್ಬು ಏರುತ್ತದೆ, ಕಣ್ಣು ನೆಟ್ಟ ಕಡೆಯೇ ನಿಲ್ಲುತ್ತದೆ, ಉಸಿರು ದಪ್ಪವಾಗುತ್ತದೆ. ಮಾತು ಮಲಯಾಳಂನಿಂದ ತಮಿಳಿಗೆ ಜಾರುತ್ತದೆ, ಯಾಕಂದ್ರೆ ನಾಗವಲ್ಲಿ ತಂಜಾವೂರಿನ ನರ್ತಕಿ. ಗಂಡ ಕೂಗಿ ಕರೆದಾಗ ಗಂಗಾ ವಾಪಸ್ ಬರುತ್ತಾಳೆ. ಏನಾಯ್ತು ಅಂತ ಅವಳಿಗೇ ಗೊತ್ತಿಲ್ಲ. ನನಗೆ ಮಂಚ ಎತ್ತಿದ್ದಕ್ಕಿಂತ ಆ ವಾಪಸಾತಿಯೇ ಜಾಸ್ತಿ ಭಯ ಹುಟ್ಟಿಸುತ್ತದೆ.

ಶೋಭನಾ ಭರತನಾಟ್ಯ ಕಲಾವಿದೆ. ಕಣ್ಣು, ಹುಬ್ಬು, ಕತ್ತು ಒಂದೊಂದನ್ನೂ ಬೇರೆ ಬೇರೆಯಾಗಿ ಪಳಗಿಸಿದ ಮೈ ಅದು. ಆ ಹಿಡಿತ ಇಲ್ಲದಿದ್ದರೆ ಇಷ್ಟು ನಿಧಾನವಾಗಿ ಬದಲಾಗೋದು ಕಷ್ಟ. ಸುಮ್ನೆ ಕಿರುಚೋದು ಸುಲಭ ಅಲ್ವಾ?

[ಪರದೆ ಮೇಲೆ: ಗೆಜ್ಜೆ ಕಟ್ಟಿದ ಕಾಲು]

ದನಿಯ ವಿಷಯವನ್ನೂ ಹೇಳಲೇಬೇಕು. ಗಂಗಾಗೆ ಡಬ್ಬಿಂಗ್ ಮಾಡಿದವರು ಭಾಗ್ಯಲಕ್ಷ್ಮಿ. ನಾಗವಲ್ಲಿಯ ತಮಿಳು ಮಾತು ಮಾತ್ರ ದುರ್ಗಾ ಅನ್ನೋ ಇನ್ನೊಬ್ಬ ಕಲಾವಿದೆಯದು. ಎಷ್ಟೋ ವರ್ಷ ಜನ ಎರಡೂ ಭಾಗ್ಯಲಕ್ಷ್ಮಿ ಅವರದೇ ಅಂದುಕೊಂಡಿದ್ದರು. ನಾಗವಲ್ಲಿಯನ್ನು ಹೊಗಳುವಾಗ ದುರ್ಗಾ ಹೆಸರು ಬಿಡೋದು ಅನ್ಯಾಯ.

ಈಗ ಮುಖ್ಯ ಪ್ರಶ್ನೆ. ನಾಗವಲ್ಲಿ ಖಳನಾಯಕಿಯಾ? ಅವಳಿಗೆ ಕೊಲೆ ಮಾಡಬೇಕು, ಅದು ನಿಜ. ಆದರೆ ಅವಳನ್ನು ತಂಜಾವೂರಿನಿಂದ ಕರೆತಂದು ಮನೆಯಲ್ಲಿಟ್ಟು, ಅವಳು ರಾಮನಾಥನನ್ನು ಪ್ರೀತಿಸಿದ್ದಕ್ಕೆ ಕೊಂದವನು ಆ ಮನೆಯ ಯಜಮಾನ. ಅವಳು ಕೇಳುತ್ತಿರೋದು ಲೆಕ್ಕ. ಇತ್ತ ಗಂಗಾಳನ್ನು ಚಿಕ್ಕವಳಿದ್ದಾಗಲೇ ಅಜ್ಜಿಯ ಹತ್ತಿರ ಬಿಟ್ಟು ಅಪ್ಪ ಅಮ್ಮ ಕಲ್ಕತ್ತಾಗೆ ಹೋಗಿದ್ದರು. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದವಳು. ನಾಗವಲ್ಲಿಯ ನೋವು ಅವಳೊಳಗೆ ಜಾಗ ಹುಡುಕಿಕೊಂಡಿದ್ದು ಇಲ್ಲಿ. ಶೋಭನಾ ಅದಕ್ಕೇ ಈ ಪಾತ್ರವನ್ನು ದ್ವೇಷದಿಂದ ಶುರು ಮಾಡಿದಂತೆ ಕಾಣುವುದಿಲ್ಲ. ಮೊದಲು ಆಸೆ ಕಾಣುತ್ತದೆ, ಸಿಟ್ಟು ಆಮೇಲೆ.

ಕೊನೆಯ ನೃತ್ಯದಲ್ಲಿ ಇದು ಪೂರ್ತಿ ತೆರೆದುಕೊಳ್ಳುತ್ತದೆ. ಅವಳ ಕಣ್ಣಿಗೆ ಅರಮನೆ, ಒಡವೆ, ಜೊತೆಗೆ ಕುಣಿಯುವ ರಾಮನಾಥ. ನೋಡುತ್ತಿರುವವರ ಕಣ್ಣಿಗೆ ಕೂದಲು ಕೆದರಿದ, ಕಾಡಿಗೆ ಹರಡಿದ ಒಬ್ಬ ಹೆಂಗಸು. ಮೊದಲನೆಯದರಲ್ಲಿ ಅವಳು ಸುಖವಾಗಿದ್ದಾಳೆ. ಅದನ್ನು ನೋಡಿದ ಮೇಲೆ ಅವಳು ಸೋಲಲಿ ಅಂತ ಹೇಗೆ ಬಯಸೋದು? ಅಂದ ಹಾಗೆ, ಆ ರಾಮನಾಥ ನಮ್ಮ ಕನ್ನಡದ ಶ್ರೀಧರ್, 'ಸಂತ ಶಿಶುನಾಳ ಶರೀಫ'ದ ಶ್ರೀಧರ್.

[ಪರದೆ ಮೇಲೆ: 2004]

ಪಿ. ವಾಸು ನಿರ್ದೇಶಿಸಿದ 'ಆಪ್ತಮಿತ್ರ'ದಲ್ಲಿ ಸೌಂದರ್ಯ ಇದೇ ಪಾತ್ರ ಮಾಡಿದರು. ಇಲ್ಲಿ ನಾಗವಲ್ಲಿ ತೆಲುಗಿನಲ್ಲಿ 'ರಾರಾ' ಅಂತ ಕರೆಯುತ್ತಾಳೆ. ಸೌಂದರ್ಯ ಅವರ ಬಲವೇ ಬೇರೆ. ಮುಳಬಾಗಿಲಿನ ಈ ಹುಡುಗಿಯ ಮೆದು ನಗು ಅಷ್ಟರಲ್ಲಿ ಕನ್ನಡದವರಿಗೂ ತೆಲುಗಿನವರಿಗೂ ಮನೆಮಾತಾಗಿತ್ತು. ಆ ಮುಖದಲ್ಲಿ ನಾಗವಲ್ಲಿ ಕಂಡಾಗ ಥಿಯೇಟರ್ ಬೆಚ್ಚಿತು. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಸಿನಿಮಾ ತೆರೆಕಂಡಿದ್ದು ಅದೇ ಆಗಸ್ಟ್‌ನಲ್ಲಿ.

ಇಬ್ಬರಲ್ಲಿ ಯಾರು ಮೇಲು ಅನ್ನೋ ಜಗಳ ಬೇಡ. ಎರಡೂ ಸಿನಿಮಾ ಮತ್ತೆ ನೋಡಿ, ಆದರೆ ಸೀದಾ ಕ್ಲೈಮ್ಯಾಕ್ಸ್‌ಗೆ ಹಾರಬೇಡಿ. ನಾಗವಲ್ಲಿ ಬರುವ ಮೊದಲು ಗಂಗಾ ಮನೆಯಲ್ಲಿ ಹೇಗೆ ಓಡಾಡುತ್ತಾಳೆ, ಆ ಬೀಗದ ಕಡೆ ಹೇಗೆ ನೋಡುತ್ತಾಳೆ, ಅದನ್ನು ಗಮನಿಸಿ. ನಿಮಗೆ ಮೊದಲ ಅನುಮಾನ ಯಾವ ದೃಶ್ಯದಲ್ಲಿ ಬಂತು ಅಂತ ನಮಗೂ ಬರೆಯಿರಿ.